ಶೂಟಿಂಗಿನಲ್ಲಿ ಜಗಳ ಬಿಡಿಸಿದ್ದು

ಬೇರೆಯವರ ಮೊಬೈಲಿನಲ್ಲಿ ನೋಡಿ ನಗುವುದಕ್ಕಿಂತ ನನ್ನ ಬಾಯಿಂದಲೇ ಕೇಳಿ ನಕ್ಕುಬಿಡಿ. ಮಲ್ಲಂದೂರಿನ ಹತ್ತಿರದ ಒಂದು ಎಸ್ಟೇಟಿನ ಕಾಫಿ ಕಣದಲ್ಲಿ ಸಿನಿಮಾ ಶೂಟಿಂಗ್ ನಡೆಯುತ್ತಿದ್ದಾಗ, ಇಬ್ಬರು ಹೆಂಗಸರು ಹೊಡೆದಾಡುವ ಶಾಟಿನ ನಡುವೆ ನುಗ್ಗಿ, “ಬಿಡ್ರೀ, ಸಾಕು ಬಿಡ್ರೀ” ಎಂದು ಕಿರುಚಿ ಜಗಳ ಬಿಡಿಸಿದ ಮಹಾನುಭಾವ ನಾನೇ. ಕ್ಯಾಮೆರಾ ಓಡುತ್ತಿತ್ತು. ಬಿಳಿ ಬಟ್ಟೆ ಬಿಗಿದ ಚೌಕಟ್ಟುಗಳನ್ನು ಹಿಡಿದುಕೊಂಡು ಜನ ಬಿಸಿಲಿಗೆ ಅಡ್ಡ ನಿಂತಿದ್ದರು. ಡೈರೆಕ್ಟರು ಕೊಡೆಯ ಕೆಳಗೆ ಕೂತಿದ್ದರು. ಆ ಕೊಡೆಯನ್ನು ಬೆಳಿಗ್ಗೆ ನನ್ನ ಜೀಪಿನಲ್ಲೇ ತಂದು ಇಳಿಸಿದ್ದೆ. ಇಷ್ಟೆಲ್ಲ ಕಣ್ಣೆದುರಿಗಿದ್ದೂ ಅದು ನಿಜವಾದ ಜಗಳ ಎಂದು ನಂಬಿದ ಮನುಷ್ಯ ಇಡೀ ಜಿಲ್ಲೆಗೆ ನಾನೊಬ್ಬನೇ ಇರಬೇಕು.

ಶಿಕ್ಷೆ ಮೂಗಿಗಾಯಿತು. ಇಬ್ಬರ ನಡುವೆ ತಲೆ ತೂರಿಸಿದ ತಕ್ಷಣ ಒಬ್ಬಳ ಮೊಣಕೈ ಬಂದು ಸರಿಯಾಗಿ ಮೂಗಿನ ಮೇಲೆ ಕೂತಿತು. ನಾನು ಹಿಂದಕ್ಕೆ ಬಿದ್ದ ರೀತಿಗೆ ಯೂನಿಟ್ಟಿನ ಕೆಲವರು ಚಪ್ಪಾಳೆ ಹೊಡೆದರಂತೆ. ಮೇಕಪ್ಪಿನವರು ಹತ್ತಿ ಹಿಡಿದುಕೊಂಡು ಓಡಿಬಂದರು. ಹತ್ತಿ ಇಡುವ ಮೊದಲು ರಕ್ತದ ಬಣ್ಣವನ್ನು ಬಗ್ಗಿ ಗಮನವಿಟ್ಟು ನೋಡಿದರು. ಅವರ ಬಾಟಲಿಯದ್ದು ಸ್ವಲ್ಪ ಜಾಸ್ತಿ ಕೆಂಪಂತೆ.

ಮೂಗಿಗೆ ಅಂಟಿಸಿದ್ದ ಪಟ್ಟಿಯನ್ನು ಇವತ್ತು ಬೆಳಿಗ್ಗೆ ಕಿತ್ತೆ. ರಜೆ ಹಾಕಿದ್ದ ಮೂಗು ಮತ್ತೆ ಕೆಲಸಕ್ಕೆ ಹಾಜರಾಯಿತು. ಜೀಪು ಹತ್ತಿ ಕೂತಾಗ ಮೊದಲು ಬಂದದ್ದು ಡೀಸೆಲ್ಲಿನ ವಾಸನೆ. ಅದರ ಹಿಂದೆಯೇ ಪಕ್ಕದ ಸೀಟಿನಿಂದ ತೆಂಗಿನೆಣ್ಣೆಯ ವಾಸನೆ. ತಲೆಗೆ ಹಚ್ಚಿ, ಒಂದು ದಿನ ಕಳೆದು, ಸೀಟಿನ ಹಿಂದಿನ ರೆಕ್ಸಿನ್ನಿಗೆ ಅಂಟಿಕೊಂಡ ಎಣ್ಣೆಯ ವಾಸನೆ. ಕೀಲಿ ತಿರುಗಿಸದೆ ಹಾಗೇ ಕೂತುಬಿಟ್ಟೆ. ಅದು ಯಾರ ತಲೆಯ ಎಣ್ಣೆ ಎಂದು ಹೇಳಬೇಕಾದರೆ ಸ್ವಲ್ಪ ಸುತ್ತು ಹಾಕಿ ಬರಬೇಕಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಚಾರ್ಮಾಡಿ ರಸ್ತೆಯ ಡ್ರೈವರು ನಾನು, ತಿರುವಿಲ್ಲದೆ ಓಡಿಸಿ ಅಭ್ಯಾಸವಿಲ್ಲ.

ಕೊಟ್ಟಿಗೆಹಾರದಲ್ಲಿ ನನ್ನದೊಂದು ಜೀಪಿದೆ. ಪೇಟೆಯಿಂದ ಬಂದವರನ್ನು ಮಂಜು ತೋರಿಸುತ್ತೇನೆಂದು ಗುಡ್ಡದ ಮೇಲೆ ಹತ್ತಿಸಿ, ಮಂಜಿಲ್ಲದ ದಿನ “ಈಗಷ್ಟೇ ಹೋಯ್ತು ಸಾರ್” ಎನ್ನುವುದು ನನ್ನ ಉದ್ಯೋಗ. ಜೀಪಿನ ಡಾಕ್ಟರು ರಫೀಕ್. ಶುಕ್ರವಾರ ಅವನ ನಮಾಜು ಮುಗಿದು ಗ್ಯಾರೇಜಿನ ಬಾಗಿಲು ಎಳೆದ ಮೇಲೆ ನಾವಿಬ್ಬರೂ ಚಿಕ್ಕಮಗಳೂರಿಗೆ ಸಿನಿಮಾಕ್ಕೆ ಹೋಗುತ್ತೇವೆ. ಅವನು ಹೊಡೆದಾಟದ ಸಿನಿಮಾ ನೋಡುತ್ತಾನೆ. ನಾನು ತಪ್ಪು ಹುಡುಕುತ್ತೇನೆ. ಅದರಲ್ಲೂ ಹೆಂಗಸರು ಕೈ ಕೈ ಮಿಲಾಯಿಸುವ ದೃಶ್ಯ ಬಂದರೆ ನನ್ನ ಬಾಯಿಗೆ ಬೀಗ ಹಾಕಲು ಯಾರಿಂದಲೂ ಆಗುವುದಿಲ್ಲ.

ನೀವೇ ಹೇಳಿ. ನಾಯಕಿ ಕೂದಲು ಬಿಚ್ಚಿ ಹರವಿಕೊಂಡೇ ಫೈಟಿಗೆ ಬರುತ್ತಾಳೆ. ಕಾಫಿ ಕುಯ್ಯಲು ಹೋಗುವ ನಮ್ಮ ಹೆಂಗಸರು ಕೂದಲು ಗಿಡಕ್ಕೆ ಸಿಕ್ಕಿಕೊಳ್ಳಬಾರದೆಂದು ತಲೆಗೆ ಬಟ್ಟೆ ಬಿಗಿದುಕೊಂಡು ಹೋಗುತ್ತಾರೆ. ಅದೂ ಸುಮ್ಮನೆ ನಿಂತಿರುವ ಗಿಡಕ್ಕೆ! ಇಲ್ಲಿ ಎದುರಿಗಿರುವವಳಿಗೆ ಎರಡು ಕೈಗಳಿವೆ, ಆದರೂ ಅವಳು ಆ ಕೂದಲನ್ನೊಂದು ಬಿಟ್ಟು ಬೇರೆಲ್ಲ ಕಡೆ ಹೊಡೆಯುತ್ತಾಳೆ. ಬಳೆ ಒಡೆಯುವುದಿಲ್ಲ. ದವಡೆಗೆ ಗುದ್ದಿದವಳ ಬೆರಳು ಊದಿಕೊಳ್ಳುವುದಿಲ್ಲ. ಹೊಡೆತಕ್ಕೊಂದು ಕೂಗು, ಕೂಗಿಗೊಂದು ಹೊಡೆತ. ಎಲ್ಲ ಮುಗಿದ ಮೇಲೆ ಗೆದ್ದವಳು ಏದುಸಿರಿಲ್ಲದೆ ಒಂದು ಪುಟದಷ್ಟು ಡೈಲಾಗು ಹೇಳುತ್ತಾಳೆ. ಇದನ್ನೆಲ್ಲ ನಾನು ಕತ್ತಲಲ್ಲಿ ಪಕ್ಕದ ಸಾಲಿನವರಿಗೂ ಕೇಳುವಂತೆ ವಿವರಿಸುತ್ತೇನೆ.

“ಏ ಮಾರಾಯ, ನೀನು ಟಿಕೆಟ್ ತಗೊಂಡಿದ್ದು ಸಿನಿಮಾ ನೋಡಕ್ಕಾ, ಆಡಿಟ್ ಮಾಡಕ್ಕಾ?” ಎಂದು ರಫೀಕ್ ಒಮ್ಮೆ ರೇಗಿದ್ದ. “ಹೀರೋ ಹತ್ತು ಜನನ್ನ ಗಾಳೀಲಿ ಹಾರ್ಸಿದ್ರೆ ಸೀಟಿ ಹೊಡೀತಿಯ. ಹುಡುಗಿ ಒಂದೇಟು ಹಾಕಿದ್ರೆ ಸಾಕು, ನಿಂಗೆ ವಿಜ್ಞಾನ ನೆನಪಾಗ್ತದೆ.”

ಮಾತು ಸರಿಯಾಗಿಯೇ ಇತ್ತು. ನನ್ನ ಹತ್ತಿರವೂ ಒಂದು ಉತ್ತರವಿತ್ತು, ಅವನಿಗೆ ಹೇಳಿರಲಿಲ್ಲ. ಗಂಡಸರ ನಿಜವಾದ ಹೊಡೆದಾಟವನ್ನು ನಾನು ಹತ್ತಿರದಿಂದ ಕಂಡವನಲ್ಲ. ಹೆಂಗಸರದ್ದು ಕಂಡಿದ್ದೇನೆ, ಒಂದೇ ಒಂದು. ಹೊಡೆದಾಡಿದವರು ನಮ್ಮಮ್ಮ ಮತ್ತು ನಮ್ಮ ಚಿಕ್ಕಮ್ಮ.

ಅಪ್ಪ ನಾನು ನಡೆಯಲು ಕಲಿಯುವ ಮೊದಲೇ ತೀರಿಹೋದರು. ಅಮ್ಮ ಕೊಟ್ಟಿಗೆಹಾರದ ಹೋಟೆಲೊಂದರಲ್ಲಿ ಅಡುಗೆಗಿದ್ದಳು. ಅವಳ ತಂಗಿ, ನಮ್ಮ ಗಿರಿಜ ಚಿಕ್ಕಮ್ಮ, ಜಾವಳಿ ಹತ್ತಿರದ ಎಸ್ಟೇಟಿನಲ್ಲಿ ಆಳು. ಅಲ್ಲಿನ ಲೈನ್ ಮನೆಯಲ್ಲಿ ಅಜ್ಜಿಯನ್ನು ಇಟ್ಟುಕೊಂಡಿದ್ದಳು. ಲೈನ್ ಮನೆ ಎಂದರೆ ಒಂದೇ ಸೂರಿನ ಕೆಳಗೆ ಸಾಲಾಗಿ ಇರುವ ಆಳುಗಳ ಮನೆಗಳು. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯಲ್ಲಿ ಸೀನುತ್ತಾರೆ.

ಅಜ್ಜಿಗೆ ಇದ್ದ ಒಂದೇ ಜಂಬ ಅವಳ ಕೂದಲು. ಪೂರಾ ನರೆತರೂ ಸೊಂಟದಿಂದ ಕೆಳಗಿಳಿಯುತ್ತಿತ್ತು. ಹಾಸಿಗೆ ಹಿಡಿದು, ಯಾರು ಮಗಳು ಯಾರು ಮೊಮ್ಮಗ ಎನ್ನುವುದು ಗೊತ್ತಾಗದಂತಾದ ಮೇಲೂ ಜಡೆ ಮಾತ್ರ ಎದೆಯ ಮೇಲೆ ಇರಬೇಕು, ಕೈ ಅದನ್ನು ಸವರುತ್ತಿರಬೇಕು. ಪ್ರತಿ ಭಾನುವಾರ ಅಮ್ಮ ನನ್ನನ್ನೂ ಕಟ್ಟಿಕೊಂಡು ಎಣ್ಣೆ ಬಾಟಲಿ ಹಿಡಿದು ಜಾವಳಿ ಬಸ್ಸು ಹತ್ತುತ್ತಿದ್ದಳು. ಅಜ್ಜಿಯ ತಲೆಗೆ ಎಣ್ಣೆ ತಿಕ್ಕಿ, ಸಿಕ್ಕು ಬಿಡಿಸಿ, ಹೆಣೆದು ಬರುವುದು ಅವಳ ಪಾಲಿನ ಸೇವೆ. ಉಳಿದದ್ದೆಲ್ಲ ಚಿಕ್ಕಮ್ಮನದು. ಮಗ್ಗುಲು ಬದಲಿಸುವುದು, ಒಗೆಯುವುದು, ಉಣ್ಣಿಸುವುದು, ನಡುವೆ ತೋಟಕ್ಕೂ ಓಡುವುದು.

ಆ ಭಾನುವಾರ ನಾವು ಹೋದಾಗ ಚಿಕ್ಕಮ್ಮ ಹಿತ್ತಲಲ್ಲಿ ಬಟ್ಟೆ ಕುಕ್ಕುತ್ತಿದ್ದಳು. ಅಜ್ಜಿಯನ್ನು ಬಿಸಿಲಿಗೆ ಕೂರಿಸುವುದು ನನ್ನ ಕೆಲಸ. ಹೈಸ್ಕೂಲು ಹುಡುಗ, ತೋಳಿನಲ್ಲಿ ಶಕ್ತಿ ಇದೆ ಎಂದು ತೋರಿಸಿಕೊಳ್ಳುವ ವಯಸ್ಸು. ಒಳಗೆ ಹೋಗಿ ಎತ್ತಿಕೊಂಡು ಬಂದು ಮುಂಬಾಗಿಲಿನ ಕಲ್ಲುಬೆಂಚಿನ ಮೇಲೆ ಕೂರಿಸಿ, ಬೀಳದಂತೆ ಬಳಸಿ ಹಿಡಿದುಕೊಂಡೆ. ಹಾಗೆ ಕೂರಿಸುವಾಗ ತಲೆಗೆ ಕಟ್ಟಿದ್ದ ಬಟ್ಟೆ ಜಾರಿತು. ಜಡೆ ಇರಲಿಲ್ಲ. ಗೋಣಿಚೀಲ ಬಿಚ್ಚುವ ಕತ್ತರಿಯಲ್ಲಿ ಕತ್ತರಿಸಿದ ಕೂದಲು ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಇನ್ನೂ ಗಿಡ್ಡ. ಅಜ್ಜಿಯ ಕೈ ಮಾತ್ರ ಎದೆಯ ಮೇಲೆ ಇಲ್ಲದ ಜಡೆಯನ್ನು ಸವರುತ್ತಿತ್ತು.

ಅಮ್ಮ ಎಣ್ಣೆಯನ್ನು ಆಗಲೇ ಅಂಗೈಗೆ ಹಾಕಿಕೊಂಡಿದ್ದಳು.

“ಎಂಥ ಮಾಡಿದ್ದೀಯೆ ಗಿರಿಜಾ?”

ಚಿಕ್ಕಮ್ಮ ಸೀರೆಗೆ ಕೈ ಒರೆಸುತ್ತಾ ಬಂದಳು. “ಕತ್ತರ್ಸ್ದೆ. ಹೇನು ಬಿದ್ದಿತ್ತಕ್ಕ. ಹಾಸಿಗೆ ಒದ್ದೆಯಾದಾಗೆಲ್ಲ ಕೂದ್ಲೂ ಒದ್ದೆ. ನೆತ್ತಿ ಹುಣ್ಣಾಗಿತ್ತು.”

“ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

“ಭಾನ್ವಾರದ ಮಗಳನ್ನ ಕೇಳ್ಕೊಂಡು ಸೋಮ್ವಾರದ ಕೆಲ್ಸ ಮಾಡ್ಬೇಕಾ ನಾನು?”

ಅಷ್ಟೇ. ಇನ್ನೊಂದು ಮಾತಿಲ್ಲ. ಅಮ್ಮನ ಎಣ್ಣೆ ಕೈ ನೇರ ಚಿಕ್ಕಮ್ಮನ ತುರುಬಿಗೆ ಹೋಯಿತು, ಚಿಕ್ಕಮ್ಮನ ಸೋಪಿನ ಕೈ ಅಮ್ಮನ ಜಡೆಗೆ.

ನಾನು ಇಷ್ಟು ವರ್ಷ ಥಿಯೇಟರಿನಲ್ಲಿ ಮಾಡುತ್ತಾ ಬಂದ ಆಡಿಟ್ಟಿನ ಮೂಲಪ್ರತಿ ಅದು. ಯಾರೂ ಹಾರಲಿಲ್ಲ, ಯಾರೂ ಒದೆಯಲಿಲ್ಲ. ಇಬ್ಬರ ಕೈಯೂ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದರು. ಬಳೆ ಒಡೆದು ಯಾರದೋ ಮುಂಗೈ ಗೀರಿತು. ಚಪ್ಪಲಿ ಕಳಚಿತು. ತಲೆ ತಗ್ಗಿಸಿಕೊಂಡು, ಹಣೆಗೆ ಹಣೆ ತಾಗಿಸಿಕೊಂಡು, ಕಾಣದ ಯಾವುದೋ ಬೀಸುಕಲ್ಲಿಗೆ ಗೂಟವಾದವರಂತೆ ಅಂಗಳದಲ್ಲಿ ನಿಧಾನವಾಗಿ ಸುತ್ತತೊಡಗಿದರು. ಎಲ್ಲಕ್ಕಿಂತ ಹೆದರಿಕೆಯಾದದ್ದು ಸದ್ದಿಲ್ಲದ್ದಕ್ಕೆ. ನಲ್ಲಿ ಕಟ್ಟೆಯ ಹತ್ತಿರ ಕೊಡಕ್ಕೆ ಜಗಳವಾದರೆ ಮೂರು ಎಸ್ಟೇಟಿಗೆ ಕೇಳುವಂತೆ ಕೂಗುವ ಹೆಂಗಸರು, ಇಲ್ಲಿ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ.

ಲೈನಿನವರೆಲ್ಲ ಹೊರಗೆ ಬಂದಿದ್ದರು. ಮೇಸ್ತ್ರಿ ಬಂದರು. ಆ ದಾರಿಯಲ್ಲಿ ಹೋಗುತ್ತಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬೈಕು ನಿಲ್ಲಿಸಿ ಒಂದು ಕಾಲು ಊರಿಕೊಂಡು ನೋಡಿದರು. ನಮ್ಮ ಲೈನ್ ಮನೆಗಳಲ್ಲಿ ಜಗಳಕ್ಕೊಂದು ಕಟ್ಟಳೆ ಇದೆ. ಬಿಡಿಸಿದವರೇ ಆಮೇಲೊಂದು ದಿನ ಇಬ್ಬರನ್ನೂ ತಮ್ಮ ಮನೆಗೆ ಕರೆದು, ಒಂದೇ ಚಾಪೆಯ ಮೇಲೆ ಕೂರಿಸಿ ಕಾಫಿ ಕೊಡಬೇಕು. ಲೋಟ ಖಾಲಿಯಾದರೆ ಜಗಳವೂ ಖಾಲಿ. ಅವತ್ತು ಗಂಡಸರು, ಹೆಂಗಸರ ಮೈಗೆ ಕೈ ಹಾಕುವುದು ಹೇಗೆ ಎಂದು ನಿಂತರು. ಹೆಂಗಸರು, ಒಡಹುಟ್ಟಿದವರಲ್ಲವಾ, ನಾಳೆ ಅವರಿಬ್ಬರೂ ಒಂದಾಗಿ ನಾವು ಕೆಟ್ಟವರಾಗುತ್ತೇವೆ ಎಂದು ನಿಂತರು. ನಾನೊಬ್ಬ ಓಡಬೇಕಿತ್ತು. ಕೈ ಬಿಟ್ಟರೆ ಅಜ್ಜಿ ಕಲ್ಲಿನ ಮೇಲೆ ಮುಗ್ಗರಿಸುತ್ತಿದ್ದಳು. ಒಂದು ಸಲ ಏಳಲು ನೋಡಿದೆ. ಅವಳ ತಲೆ ನನ್ನ ಭುಜದಿಂದ ಜಾರಿತು, ಮತ್ತೆ ಕೂತು ಹಿಡಿದುಕೊಂಡೆ.

“ಯಾರಾ ಅವ್ರು?” ಎಂದಳು ಅಜ್ಜಿ.

ಅವಳಿಗೆ ಏನು ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ. ಆಗಲೂ ನಾನು ಇಂಥವನೇ. “ಶೂಟಿಂಗ್ ಅಜ್ಜಿ. ಸಿನಿಮಾದವ್ರು ಬಂದಿದ್ದಾರೆ.”

ಅಜ್ಜಿ ಬಹಳ ಹೊತ್ತು ನೋಡಿದಳು. ತನ್ನ ಹೆಣ್ಣುಮಕ್ಕಳಿಬ್ಬರೂ ಬಿಸಿಲಿನಲ್ಲಿ ಕೂದಲು ಹಿಡಿದುಕೊಂಡು ಸುತ್ತುವುದನ್ನು, ಇಲ್ಲದ ಜಡೆಯನ್ನು ಸವರಿಕೊಳ್ಳುತ್ತಾ ನೋಡಿದಳು. ಆಮೇಲೆ, “ಚೆಂದ ಮಾಡ್ತಾರೆ ಕಣಾ” ಎಂದಳು.

ಕೊನೆಗೆ ಅವರೇ ಕೈಬಿಟ್ಟರು. ಯಾರು ಮೊದಲು ಬಿಟ್ಟರೆಂದು ನನಗೆ ಕಾಣಲಿಲ್ಲ. ಅಮ್ಮ ಎಣ್ಣೆ ಬಾಟಲಿಯ ಮುಚ್ಚಳ ಹುಡುಕಿ ಹಾಕಿದಳು, ಬಾಟಲಿಯನ್ನು ಅಜ್ಜಿಯ ಪಕ್ಕದಲ್ಲಿಟ್ಟಳು, ನನ್ನನ್ನು ಕರೆದುಕೊಂಡು ಬಸ್ಸಿಗೆ ನಡೆದಳು. ಆ ವರ್ಷವೇ ಅಜ್ಜಿ ಹೋದಳು. ಅಕ್ಕ ತಂಗಿ ಹೆಣದ ಆಚೆಗೊಬ್ಬರು ಈಚೆಗೊಬ್ಬರು ಕೂತು ಅತ್ತರು. ಮಾತಾಡಲಿಲ್ಲ.

ಮಾತಾಡಲಿಲ್ಲ ಎಂದರೆ ಆಮೇಲೂ ಆಡಲೇ ಇಲ್ಲ. ಒಂದೇ ಬಸ್ಸು ಹತ್ತಿದರೆ ಒಬ್ಬಳು ಮುಂದಿನ ಬಾಗಿಲು, ಒಬ್ಬಳು ಹಿಂದಿನ ಬಾಗಿಲು. ಹಾಗೆಂದು ಮರೆತರು ಎಂದುಕೊಳ್ಳಬೇಡಿ. ನಾನು ಜೀಪು ಶುರು ಮಾಡಿದ ಮೇಲೆ, ಜಾವಳಿ ಕಡೆ ಹೋಗಿ ಬಂದ ದಿನ ಅಮ್ಮ ಅನ್ನ ಬಡಿಸುತ್ತಾ, ತಟ್ಟೆ ನೋಡಿಕೊಂಡೇ ಕೇಳುತ್ತಿದ್ದಳು, “ಆ ಕಡೆ ಮಳೆ ಹೆಂಗೆ?” ಚಿಕ್ಕಮ್ಮ ರಸ್ತೆ ಬದಿಯಲ್ಲಿ ಸಿಕ್ಕರೆ ಅವಳದ್ದೂ ಅದೇ, “ಘಾಟಿ ಕಡೆ ಮಳೆ ಹೆಂಗೆ?” ಬೇಸಿಗೆಯಲ್ಲೂ ಮಳೆಯನ್ನೇ ಕೇಳುತ್ತಿದ್ದರು. ಇಬ್ಬರ ನಡುವೆ ನಾನು ಹವಾಮಾನ ಇಲಾಖೆ. ಅಮ್ಮನಿಗೆ ಮಂಡಿನೋವು ಬಂದಾಗ, “ಘಾಟೀಲಿ ಸ್ವಲ್ಪ ಮೋಡ ಚಿಕ್ಕಮ್ಮ, ಮಂಡಿ ಕೆಳಗೆ ಜಾಸ್ತಿ” ಎಂದಿದ್ದೆ. ಚಿಕ್ಕಮ್ಮ ನಗಲಿಲ್ಲ. ಮಾರನೇ ವಾರ ಅದೇ ಜಾಗದಲ್ಲಿ ನನ್ನ ಜೀಪು ನಿಲ್ಲಿಸಿ, ಯಾವುದೋ ಸೊಪ್ಪಿನ ಎಣ್ಣೆ ಕೊಟ್ಟು, “ಮಳೆಗೆ ಹಚ್ಚು” ಎಂದು ಹೇಳಿ ಹೋದಳು. ಅಮ್ಮ ಅದನ್ನು ಹಚ್ಚಿಕೊಂಡಳು, ಎಲ್ಲಿಂದ ತಂದೆ ಎಂದು ಕೇಳಲಿಲ್ಲ. ಇನ್ನೇನು, ಮುಂದಿನ ಹಬ್ಬಕ್ಕೆ ಸರಿಹೋಗುತ್ತದೆ ಎಂದು ನಾನು ಪ್ರತಿ ಹಬ್ಬಕ್ಕೂ ಅಂದುಕೊಂಡೆ.

ಟಿವಿಯಲ್ಲಿ ಹೆಂಗಸರ ಫೈಟು ಬಂದರೆ ಅಮ್ಮ ಎದ್ದು ಒಲೆಯ ಹತ್ತಿರ ಹೋಗುತ್ತಿದ್ದಳು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ, ಹೋಟೆಲಿನಲ್ಲಿ ಬೆಳಗಿನ ಹಿಟ್ಟು ರುಬ್ಬುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು, ಅಷ್ಟೇ. ಆಸ್ಪತ್ರೆಗೆ ನಾನೇ ಜೀಪು ಓಡಿಸಿದೆ. ಆ ದಾರಿಯ ಒಂದು ತಿರುವೂ ನನಗೆ ನೆನಪಿಲ್ಲ. ಚಿಕ್ಕಮ್ಮ ಬಂದಳು. ಅಮ್ಮನಿಗೆ ಸ್ನಾನ ಮಾಡಿಸುವ ಹೊತ್ತಿಗೆ ಯಾರನ್ನೂ ಕೇಳದೆ ಒಳಗೆ ಹೋದಳು. ಹೊರಗೆ ತಂದು ಮಲಗಿಸಿದಾಗ ಅಮ್ಮನ ತಲೆ ಎಣ್ಣೆ ಹಚ್ಚಿ ನುಣ್ಣಗೆ ಬಾಚಿತ್ತು, ಜಡೆ ಎದೆಯ ಮೇಲಿತ್ತು. ನಾನು ಹುಡುಕುವಷ್ಟರಲ್ಲಿ ಚಿಕ್ಕಮ್ಮ ಹೊರಟುಹೋಗಿದ್ದಳು. ಹದಿನೊಂದನೆಯ ದಿನಕ್ಕೆ ಬರಲಿಲ್ಲ. ರಸ್ತೆಯಲ್ಲೂ ಸಿಗಲಿಲ್ಲ. ಮಳೆ ಕೇಳುವವರು ಯಾರೂ ಇಲ್ಲದೆ ನನ್ನ ಇಲಾಖೆ ಮುಚ್ಚಿಹೋಯಿತು. ನನ್ನವರು ಅಂತ ಉಳಿದಿದ್ದವಳು ಅವಳೊಬ್ಬಳು. ಅಮ್ಮನ ಮೇಲಿನ ಸಿಟ್ಟು ನನ್ನ ಲೆಕ್ಕಕ್ಕೆ ಬಂತೇನೋ ಎಂದುಕೊಂಡು ನಾನೂ ಹೋಗಲಿಲ್ಲ.

ಇಷ್ಟು ಸುತ್ತು ಹಾಕಿದ ಮೇಲೆ ಮತ್ತೆ ಮಲ್ಲಂದೂರಿನ ಕಣಕ್ಕೆ ಬರೋಣ. ಯೂನಿಟ್ಟಿನವರಿಗೆ ಇಡ್ಲಿ ಪಾತ್ರೆಯಿಂದ ಲೈಟಿನ ಕಂಬದವರೆಗೆ ಹೊರುವುದಕ್ಕೆ ನನ್ನ ಜೀಪು, ಜನರೇಟರು ಕೆಮ್ಮಿದರೆ ನೋಡುವುದಕ್ಕೆ ರಫೀಕ್. ನಾಯಕಿಗೆ ಡ್ಯೂಪ್ ಆಗಿ ಬೆಂಗಳೂರಿನ ಒಬ್ಬ ಹುಡುಗಿ ಬಂದಿದ್ದಳು. ಎದುರಾಳಿಯ ವೇಷದಲ್ಲಿ ಇನ್ನೊಬ್ಬಳು. ಬೆಳಿಗ್ಗೆ ಇಬ್ಬರೂ ಹಾ ಹೂ ಎಂದು ಕೂಗುತ್ತಾ ಪ್ರಾಕ್ಟೀಸ್ ಮಾಡುವುದನ್ನು ನೋಡುತ್ತಾ ನಾನು ರಫೀಕನ ಕಿವಿಯಲ್ಲಿ ಆಡಿಟ್ ಶುರು ಮಾಡಿದ್ದೆ. ಮಧ್ಯಾಹ್ನ ಟೇಕ್ ಎಂದರು. ಕಣದಲ್ಲಿ ಹರವಿದ್ದ ಕಾಫಿ ಹಣ್ಣಿನ ಮೇಲೆ ಇಬ್ಬರೂ ಬಂದು ನಿಂತರು. ಶುರುವಾಯಿತು. ಯಾರೂ ಕೂಗಲಿಲ್ಲ. ಒಬ್ಬಳ ಕೈ ಇನ್ನೊಬ್ಬಳ ಕೂದಲಿಗೆ ಹೋಯಿತು, ಅವಳದ್ದು ಇವಳ ಕೂದಲಿಗೆ. ತಲೆ ತಗ್ಗಿಸಿದರು. ಹಣೆಗೆ ಹಣೆ ತಾಗಿತು. ನಿಧಾನವಾಗಿ ಸುತ್ತತೊಡಗಿದರು. ಕಾಲಡಿಯಲ್ಲಿ ಹಣ್ಣು ಪುಡಿಯಾಗುವ ಸದ್ದು, ಉಸಿರಿನ ಸದ್ದು, ಅಷ್ಟೇ. ಸುತ್ತಲೂ ಜನ ನಿಂತು ನೋಡುತ್ತಿದ್ದರು.

ನನ್ನ ತೋಳಿನಲ್ಲಿ ಯಾರೂ ಇರಲಿಲ್ಲ. ಓಡಿದೆ. ಮುಂದಿನದು ನಿಮಗೆ ಗೊತ್ತೇ ಇದೆ.

ಫೈಟ್ ಮಾಸ್ಟರು ಕಟ್ ಎನ್ನುವುದನ್ನೂ ಮರೆತು, “ಯಾರ್ರೀ ಇವನು? ಇದ್ಯಾವ ಕ್ಯಾರೆಕ್ಟರು?” ಎಂದು ಗುಡುಗಿದರು. ನನ್ನ ಮೂಗು ಒಡೆದ ಡ್ಯೂಪ್ ಹುಡುಗಿ ಮಂಜುಗಡ್ಡೆ ತಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು.

“ಸಾರಿ ಅಣ್ಣ. ನೀವ್ಯಾಕೆ ಮಧ್ಯ ಬಂದ್ರಿ?”

“ನಿಜ ಅನ್ಕೊಂಡೆ. ಬೆಳಿಗ್ಗೆ ಕೂಗ್ತಿದ್ರಿ, ಈಗ ಕೂಗ್ಲೇ ಇಲ್ಲ.”

“ಕೂಗ್ಬೇಡಿ ಅಂತ ಮಾಸ್ಟರ್ ಕೊನೇಲಿ ಹೇಳಿದ್ರು.” ಅವಳ ಮುಖ ಅರಳಿತು. “ಇಷ್ಟು ವರ್ಷ ಬೀಳ್ತಾನೇ ಇದ್ದೀನಿ. ಯಾರೂ ಬಿಡಿಸೋಕೆ ಬಂದಿರ್ಲಿಲ್ಲ ನೋಡಿ.”

“ಚೆಂದ ಮಾಡ್ತೀರಿ” ಎಂದೆ. ಆ ಮಾತು ನನ್ನ ಬಾಯಿಂದ ಹೊರಟು ನನ್ನ ಕಿವಿಗೇ ಬಿದ್ದಾಗ ಕಣ್ಣಿನಲ್ಲಿ ನೀರು ನಿಲ್ಲಲಿಲ್ಲ. ಎಲ್ಲರೂ ಮೂಗಿನ ನೋವು ಎಂದುಕೊಂಡರು. ಪುಣ್ಯ.

ವಿಡಿಯೋ ಮಾಡಿದವನು ರಫೀಕನೇ. “ಬರೀ ನಮ್ಮ ಗ್ಯಾರೇಜ್ ಗ್ರೂಪಿಗೆ ಹಾಕಿದ್ದು ಮಾರಾಯ, ಅಲ್ಲಾನ ಆಣೆ” ಎಂದ. ಸಂಜೆಯೊಳಗೆ ಕಳಸದಿಂದ ಒಬ್ಬರು ಫೋನು ಮಾಡಿ, ಅತ್ತೆ ಸೊಸೆ ಜಗಳಕ್ಕೂ ಬರ್ತೀರಾ, ಬಾಡಿಗೆ ಎಷ್ಟು ಎಂದು ಕೇಳಿದರು. ಪೆಟ್ರೋಲ್ ಬಂಕಿನಲ್ಲಿ ಇಬ್ಬರು ಹುಡುಗರು ನನ್ನ ಮುಂದೆ ಬೇಕೆಂದೇ ಕಾಲರು ಹಿಡಿದುಕೊಂಡು ನಿಂತರು. ನಾನೂ ನಕ್ಕು ಬಿಡಿಸಿದೆ. ನಗಿಸುವುದು ನನಗೆ ಕಷ್ಟವಲ್ಲ.

ನಿನ್ನೆ ಸ್ಟ್ಯಾಂಡಿನಲ್ಲಿ ಜೀಪು ಒರೆಸುತ್ತಿದ್ದೆ. ಜಾವಳಿ ಬಸ್ಸು ಬಂತು. ಮುಂದಿನ ಬಾಗಿಲಿನಿಂದ ಚಿಕ್ಕಮ್ಮ ಇಳಿದಳು. ನೇರ ಬಂದು ಜೀಪಿನ ಮುಂದಿನ ಸೀಟು ಹತ್ತಿ ಕೂತಳು. ಒರೆಸುವ ಬಟ್ಟೆ ಕೆಳಗಿಟ್ಟು ಹೋಗಿ ಪಕ್ಕದಲ್ಲಿ ಕೂತೆ.

“ಮೂಗು ತೋರ್ಸು.”

ತೋರಿಸಿದೆ. ಪಟ್ಟಿಯ ಅಂಚನ್ನು ಬೆರಳಿನಿಂದ ಒತ್ತಿ ನೋಡಿದಳು. “ನಮ್ಮ ಕಣದಲ್ಲಿ ಹುಡ್ಗೀರು ಫೋನಲ್ಲಿ ತೋರ್ಸಿ ನಗಾಡಿದ್ರು. ನಾನು ಇನ್ನೊಂದ್ಸಲ ಹಾಕಿ ಅಂದೆ. ಮತ್ತೂ ಹಾಕಿ ಅಂದೆ.”

“ಮೂರ್ಖ ಅಂತ ಗೊತ್ತಾಯ್ತಲ್ಲ ಚಿಕ್ಕಮ್ಮ, ಮತ್ತೆ ಮತ್ತೆ ಯಾಕೆ ನೋಡ್ತೀಯ?”

ಅವಳು ನಗಲಿಲ್ಲ. ಸೀಟಿಗೆ ತಲೆ ಆನಿಸಿದಳು. ಗಾಜಿನಾಚೆ ಯಾರೋ ಮಂಜು ನೋಡಲು ಬಂದವರು ಮಂಜಿಲ್ಲದ ಗುಡ್ಡದ ಫೋಟೋ ತೆಗೆಯುತ್ತಿದ್ದರು.

“ಆ ಹುಡ್ಗೀರಿಗೆ ಕಾಫಿ ಕುಡ್ಸಿದ್ಯಾ?” ಎಂದಳು.

“ಯೂನಿಟ್‌ನೋರೇ ಕೊಟ್ರು.”

“ಬಿಡ್ಸಿದೋನು ನೀನು. ನೀನು ಕೊಡ್ಬೇಕಿತ್ತು.” ಆಮೇಲೆ ರಸ್ತೆಯ ಕಡೆಗೇ ನೋಡುತ್ತಾ ಹೇಳಿದಳು: “ಅವತ್ತು ನಂಗೆ ಬೇಗ್ನೇ ಕೈ ಸೋತಿತ್ತು ಮಗಾ. ನಿಮ್ಮಮ್ಮಂಗೂ ಸೋತಿತ್ತು. ನನ್ನ ತುರುಬು ಹಿಡ್ದಿದ್ದ ಕೈ ನಡುಗೋದು ನಂಗೆ ಗೊತ್ತಾಗ್ತಿತ್ತು. ಆಮೇಲೆ ಇಬ್ರೂ ಎಳೀತಾನೇ ಇರ್ಲಿಲ್ಲ. ಸುಮ್ನೆ ಹಿಡ್ಕೊಂಡು ಸುತ್ತುತಾ ಇದ್ವಿ, ಯಾರಾದ್ರೂ ಬರ್ತಾರೆ ಅಂತ. ಯಾರೂ ಬರ್ಲಿಲ್ಲ, ನಾವೇ ಬಿಟ್ವಿ. ಬಿಡ್ಸಿದೋರು ಇದ್ರೆ ಅಲ್ವಾ, ಆಮೇಲೆ ಕಾಫಿಗೆ ಕರ್ಯೋರು ಇರೋದು.”